ಕಿವಿಗೆ ಕೇಳದ ಅಂಕಿ, ಕವಿಯಿಲ್ಲದ ಹಾಡು

ಮೈಸೂರಿನ ಕುವೆಂಪುನಗರದ ಆ ಮನೆಯಲ್ಲಿ ಟಿ.ವಿ. ಸ್ಟ್ಯಾಂಡಿನ ಕೆಳಗೆ ಮೂರು ಡ್ರಾಯರ್‌ಗಳಿವೆ. ಮೊದಲನೆಯದರಲ್ಲಿ ಬರೀ ವೈರು. ಚಾರ್ಜರು, ಆಡಿಯೊ ಕೇಬಲ್ಲು, ಯಾವ ಯಂತ್ರದ್ದೆಂದು ಮರೆತೇಹೋದ ಅಡಾಪ್ಟರು. ಎರಡನೆಯದರಲ್ಲಿ ಒಂದು ವಾಕ್‌ಮನ್, ಒಂದು ಹಳೆಯ ಐಪಾಡ್, ಪೆನ್‌ಡ್ರೈವ್ ಗಾತ್ರದ ಚೀನಾ ಎಂಪಿ3 ಪ್ಲೇಯರ್, ಒಂದೇ ಕಿವಿಗೆ ಕೇಳಿಸುವ ನಾಲ್ಕು ಜೊತೆ ಇಯರ್‌ಫೋನ್. ಮೂರನೆಯದು ಮನೆಯೊಡತಿಯ ಪಾಲಿನದು. ಔಷಧಿ, ರೇಷನ್ ಕಾರ್ಡು, ಕರೆಂಟ್ ಬಿಲ್ಲುಗಳ ನಡುವೆ ಅಲ್ಲಿಗೂ ಒಂದು ಕಾರ್ಡ್ ರೀಡರ್ ಹೇಗೋ ನುಸುಳಿದೆ.

ಮೊದಲೆರಡು ಡ್ರಾಯರ್‌ಗಳ ಒಡೆಯರು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತರಾದವರು. ಬಳಗಕ್ಕೆಲ್ಲ ಅವರು ‘ಮೇಷ್ಟ್ರು’. ಹೊಸ ಫೋನು ಕೊಳ್ಳುವವರು, ಕಾರಿಗೆ ಸ್ಪೀಕರ್ ಹಾಕಿಸುವವರು, ಕಂಪ್ಯೂಟರ್ ನಿಧಾನವಾಯಿತೆಂದು ಗೋಳಾಡುವವರು, ಎಲ್ಲರೂ ಮೊದಲು ಫೋನಾಯಿಸುವುದು ಇವರಿಗೇ. ಕೇಳಿದ್ದಕ್ಕೆ ಉತ್ತರ ಕೊಟ್ಟು ಕೇಳದೆ ಇದ್ದುದಕ್ಕೂ ಕಾಲು ಗಂಟೆ ಹೇಳುವುದು ಅವರ ಪದ್ಧತಿ. ಆ ಕಾಲು ಗಂಟೆಯ ಮಾತುಗಳಲ್ಲಿ ಕೆಲವು ಶುದ್ಧ ಹಟ, ಕೆಲವು ಅಪ್ಪಟ ತಿಳಿವಳಿಕೆ. ಯಾವುದು ಯಾವುದೆಂದು ಜಾಲಿಸಿ ನೋಡುವುದೇ ಒಂದು ಮೋಜು.

ಮನೆಯಲ್ಲಿ ಹಾಡು ಹಾಡುವ ಇನ್ನೊಂದು ಡಬ್ಬವೂ ಇದೆ. ಅದು ಮೇಷ್ಟ್ರ ತಾಯಿಯ ಮಂಚದ ಪಕ್ಕದಲ್ಲಿದೆ. ಅದರ ವಿಷಯ ಆಮೇಲೆ.

ಮೇಷ್ಟ್ರ ಗೆಳೆಯರಲ್ಲಿ ‘ಹೈ-ರೆಸ್’ (ಸಿ.ಡಿ.ಗಿಂತ ಸೂಕ್ಷ್ಮವಾಗಿ ಅಳೆದ ಡಿಜಿಟಲ್ ಧ್ವನಿ) ಎಂಬ ಮಾತು ಬಂದರೆ ಆ ಸಂಜೆ ಮುಗಿದಂತೆಯೇ. 24 ಬಿಟ್, 192 ಕಿಲೋಹರ್ಟ್ಸ್ ಎಂದು ಒಬ್ಬರು, ಸಿ.ಡಿ.ಯೇ ಸಾಕು ಎಂದು ಇನ್ನೊಬ್ಬರು. ಈ ಜಗಳ ಅರ್ಥವಾಗಬೇಕಾದರೆ ಸಿ.ಡಿ.ಯ ಲೆಕ್ಕ ಗೊತ್ತಿರಬೇಕು. ಧ್ವನಿಯನ್ನು ಅಂಕಿಗಿಳಿಸುವಾಗ ಅದರ ಅಲೆಯನ್ನು ಸೆಕೆಂಡಿಗೆ ಇಷ್ಟು ಸಲ ಎಂದು ಅಳೆಯಬೇಕು. ಮನುಷ್ಯರ ಕಿವಿಗೆ ಎಟುಕುವ ಅತಿ ಎತ್ತರದ ಸ್ವರ ಸುಮಾರು 20,000 ಹರ್ಟ್ಸ್, ಅದೂ ಎಳೆಯ ಕಿವಿಗೆ. ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಮೂಲ ಅಲೆಯನ್ನು ಪೂರ್ತಿಯಾಗಿ ಮರಳಿ ಕಟ್ಟಬಹುದೆಂದು ಗಣಿತ ಹೇಳುತ್ತದೆ. ಹಾಗಾದರೆ 40,000ದ ಮೇಲೆ ಸ್ವಲ್ಪ ಉಳಿಕೆ ಇಟ್ಟುಕೊಂಡರೆ ಆಯಿತು. ಸಿ.ಡಿ.ಯಲ್ಲಿರುವುದು 44,100.

ದುಂಡಾಗಿ 44,000 ಎನ್ನದೆ ಈ ನೂರು ಎಲ್ಲಿಂದ ಬಂತು? ಮೇಷ್ಟ್ರು ಇದನ್ನು ವಿವರಿಸುವಾಗ ಕಾಫಿ ಲೋಟ ಕೆಳಗಿಟ್ಟುಬಿಡುತ್ತಾರೆ. ಸಿ.ಡಿ. ರೂಪುಗೊಳ್ಳುತ್ತಿದ್ದ ಕಾಲಕ್ಕೆ ಅಷ್ಟೊಂದು ಅಂಕಿಗಳನ್ನು ತುಂಬಿಡಬಲ್ಲ ಅಗ್ಗದ ಯಂತ್ರವೆಂದರೆ ವಿಡಿಯೊ ಟೇಪ್ ರೆಕಾರ್ಡರ್. ಸಂಗೀತದ ಅಂಕಿಗಳನ್ನು ಟಿ.ವಿ. ಚಿತ್ರದ ಗೆರೆಗಳ ಹಾಗೆ ಟೇಪಿನ ಮೇಲೆ ಬರೆಯುತ್ತಿದ್ದರು. ಅಮೆರಿಕ, ಜಪಾನಿನ ಪದ್ಧತಿಯಲ್ಲಿ ಸೆಕೆಂಡಿಗೆ 60 ಫೀಲ್ಡ್, ಒಂದೊಂದರಲ್ಲಿ ಬಳಕೆಗೆ ಸಿಗುವ 245 ಗೆರೆ, ಗೆರೆಗೆ 3 ಅಳತೆ. ಗುಣಿಸಿದರೆ 44,100. ಯುರೋಪಿನ ಪದ್ಧತಿಯಲ್ಲಿ 50 ಫೀಲ್ಡ್, 294 ಗೆರೆ, 3 ಅಳತೆ. ಅದೂ 44,100. ಸೋನಿ, ಫಿಲಿಪ್ಸ್ ಕಂಪನಿಗಳು ಸೇರಿ ಸಿ.ಡಿ.ಯ ನಿಯಮ ಬರೆದಾಗ ಇದೇ ಸಂಖ್ಯೆ ಉಳಿಯಿತು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮೊದಲ ಸಿ.ಡಿ. ಪ್ಲೇಯರ್ ಮಾರಾಟಕ್ಕೆ ಬಂತು. ನಮ್ಮ ಕಿವಿಯ ಮಿತಿಯೂ ಹಳೇ ಟಿ.ವಿ.ಯ ಗೆರೆಗಳೂ ಕೂಡಿ ಮಾಡಿದ ಒಪ್ಪಂದವಿದು.

ಅದರಾಚೆಯ ಅಂಕಿಗಳು ಸ್ಟುಡಿಯೊದಲ್ಲಿ ಧ್ವನಿ ಹಿಡಿಯುವವರಿಗೆ, ಮಿಕ್ಸ್ ಮಾಡುವವರಿಗೆ ನಿಜಕ್ಕೂ ಬೇಕು. ಕೂತು ಕೇಳುವವರಿಗೆ? 2007ರಲ್ಲಿ ಬಾಸ್ಟನ್‌ನ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಹೈ-ರೆಸ್ ಡಿಸ್ಕಿನ ಧ್ವನಿಯನ್ನು ಒಮ್ಮೆ ಇದ್ದಂತೆಯೇ, ಒಮ್ಮೆ ಸಿ.ಡಿ. ಮಟ್ಟಕ್ಕಿಳಿಸಿ ಕೇಳಿಸಿದ ಪ್ರಯೋಗದ ವರದಿಯನ್ನು ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಟ್ಟು 554 ಸಲ ಕೇಳಿಸಿದ್ದರಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವ ರೀಸ್ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ಶೇ 52.3ಕ್ಕೆ ಏರಿತು. ಹೈ-ರೆಸ್ ಪಕ್ಷದವರು ಹಿಡಿದು ನೇತಾಡುತ್ತಿರುವುದು ಆ ಎರಡೂಕಾಲು ಚಿಲ್ಲರೆಯನ್ನು.

ಮೇಷ್ಟ್ರೂ ಒಂದು ಶನಿವಾರ ಗೆಳೆಯರ ಮುಂದೆ ಪಣಕ್ಕೆ ಬಿದ್ದು ಪರೀಕ್ಷೆಗೆ ಕೂತರು. ಪೀಟರ್ ಪಾವ್ಲೊವ್ಸ್ಕಿ 2002ರಲ್ಲಿ ಬರೆದ ಫೂಬಾರ್2000 ಎಂಬ ಪುಕ್ಕಟೆ ಪ್ಲೇಯರ್‌ಗೆ ‘ಎಬಿಎಕ್ಸ್’ ಎಂಬ ಚಿಕ್ಕ ಉಪಾಂಗವಿದೆ. ‘ಎ’ ಒತ್ತಿದರೆ ಮೂಲ, ‘ಬಿ’ ಒತ್ತಿದರೆ ಕುಗ್ಗಿಸಿದ ಫೈಲು. ‘ಎಕ್ಸ್’ ಈ ಎರಡರಲ್ಲಿ ಯಾವುದೆಂದು ಗುರುತಿಸಬೇಕು. ಯಂತ್ರ ಗುಟ್ಟು ಬಿಡುವುದಿಲ್ಲ. 16ರಲ್ಲಿ 12 ಸರಿಯಾದರೆ ಅದು ಅದೃಷ್ಟವಲ್ಲ, ಕಿವಿಯೇ ಎಂದು ಒಪ್ಪಬಹುದು. ಮೊದಲು ನಷ್ಟವಿಲ್ಲದ ಫ್ಲ್ಯಾಕ್ ಫೈಲು ಮತ್ತು 320 ಕೆಬಿಪಿಎಸ್‌ನ, ಅಂದರೆ ಸೆಕೆಂಡಿಗೆ 320 ಕಿಲೋಬಿಟ್‌ನ, ಎಂಪಿ3. ಮೇಷ್ಟ್ರು ಕಣ್ಣು ಮುಚ್ಚಿದರು, ತಲೆಯಾಡಿಸಿದರು, ನಾಲ್ಕನೆಯದಕ್ಕೆ ‘ಇದು ಎಂಪಿ3, ತಂಬೂರಿ ಮಂಕಾಗಿದೆ’ ಎಂದು ಘೋಷಿಸಿದರು. ಅದು ಫ್ಲ್ಯಾಕ್ ಆಗಿತ್ತು. ಕೊನೆಗೆ ಸಿಕ್ಕಿದ್ದು 9. ಆಮೇಲೆ 96 ಕೆಬಿಪಿಎಸ್‌ಗೆ ಇಳಿಸಿ ಖಂಜಿರದ ತನಿ ಆವರ್ತನ ಹಾಕಿದಾಗ 16ರಲ್ಲಿ 15 ಸರಿ. ಬೆರಳು ಬೀಳುವುದಕ್ಕೂ ಕೂದಲೆಳೆಯಷ್ಟು ಮೊದಲೇ ಒಂದು ಕೊಳಕು ಸುಯ್ ಎನ್ನುವ ಸದ್ದು ಬರುತ್ತದೆ. ಒಮ್ಮೆ ಅದು ಕಿವಿಗೆ ಬಿದ್ದರೆ ಮತ್ತೆ ಬಿಡುವುದಿಲ್ಲ. ಕುಗ್ಗಿಸುವ ತಂತ್ರಾಂಶ ಧ್ವನಿಯನ್ನು ತುಂಡುತುಂಡಾಗಿ ನೋಡುವುದರಿಂದ, ಪೆಟ್ಟಿನ ದೋಷ ಪೆಟ್ಟಿಗೆ ಮುಂಚಿನ ನಿಶ್ಶಬ್ದಕ್ಕೂ ಹರಡಿಬಿಡುತ್ತದೆ. ಎಂಪಿ3 ರೂಪಿಸಿದ ಜರ್ಮನಿಯ ಸಂಶೋಧಕರು ಇದೇ ದೋಷವನ್ನು ಹಿಡಿಯಲು ಕ್ಯಾಸ್ಟನೆಟ್ ಎಂಬ ಮರದ ಚಿಟಿಕೆ ವಾದ್ಯವನ್ನು ಬಳಸುತ್ತಿದ್ದರು. ಅವರ ಕೈಗೆ ಖಂಜಿರ ಸಿಕ್ಕಿದ್ದರೆ ಕೆಲಸ ಇನ್ನೂ ಬೇಗ ಆಗುತ್ತಿತ್ತೇನೋ.

ಆ ಸಂಜೆಯಿಂದ ಮೇಷ್ಟ್ರು ಹೈ-ರೆಸ್ ಮಾತು ನಿಲ್ಲಿಸಿದ್ದಾರೆ. ಜಗತ್ತು ನಿಲ್ಲಿಸಿಲ್ಲ. 2014ರಲ್ಲಿ ಗಾಯಕ ನೀಲ್ ಯಂಗ್ ‘ಪೋನೊ’ ಎಂಬ ತ್ರಿಕೋನಾಕಾರದ ಪ್ಲೇಯರ್‌ಗಾಗಿ ಜನರಿಂದಲೇ 62 ಲಕ್ಷ ಡಾಲರ್ ಎತ್ತಿದರು. ಮೂರು ವರ್ಷಕ್ಕೆ ಅದು ಮುಚ್ಚಿತು. 2016ರಲ್ಲಿ ಸೋನಿ ತಾಮ್ರದ ಗಟ್ಟಿಗೆ ಚಿನ್ನದ ಲೇಪ ಕೊಟ್ಟು 455 ಗ್ರಾಂ ತೂಗುವ ವಾಕ್‌ಮನ್ ಮಾಡಿತು. ಬೆಲೆ ಸುಮಾರು 3,200 ಡಾಲರ್. ಅದಕ್ಕೂ ಒಂದು ವರ್ಷ ಮೊದಲು ಅದೇ ಕಂಪನಿ, ವಿದ್ಯುತ್ ಗದ್ದಲ ಕಡಿಮೆಯಿರುವ ‘ಪ್ರೀಮಿಯಂ ಸೌಂಡ್’ ಮೆಮೊರಿ ಕಾರ್ಡನ್ನೂ ತಂದಿತ್ತು. 64 ಜಿಬಿಗೆ ಸುಮಾರು 18,500 ಯೆನ್. ಕಾರ್ಡಿನಲ್ಲಿರುವುದು ಸೊನ್ನೆ ಮತ್ತು ಒಂದು. ಒಳ್ಳೆಯ ಒಂದು, ಕೆಟ್ಟ ಒಂದು ಎಂದು ಇರುವುದಿಲ್ಲವಲ್ಲ! ಗೊಬ್ಬರದ ಚೀಲ ಬದಲಾಯಿಸಿದರೆ ಬೆಳೆ ಹೆಚ್ಚೀತೆಂಬ ನಂಬಿಕೆಯ ಹಾಗೆ.

ನಿಜವಾಗಿ ಕಿವಿಗೆ ಗೊತ್ತಾಗುವ ಕೇಡು ಬೇರೆ ಕಡೆ ಇದೆ. ಹಾಡನ್ನು ಕೊನೆಗೆ ಹದಗೊಳಿಸುವಾಗ ಮೆಲುದನಿಯನ್ನೂ ಜೋರುದನಿಯನ್ನೂ ಒಂದೇ ಎತ್ತರಕ್ಕೆ ತಟ್ಟಿ ಸಮ ಮಾಡುವ ಚಾಳಿ ಅದು. ಮೆಟಾಲಿಕಾ ಎಂಬ ರಾಕ್ ತಂಡದ 2008ರ ಆಲ್ಬಂ ‘ಡೆತ್ ಮ್ಯಾಗ್ನೆಟಿಕ್’ ಇದಕ್ಕೆ ಕುಖ್ಯಾತ. ಸಿ.ಡಿ.ಗಿಂತ ಗಿಟಾರ್ ಹೀರೊ ಎಂಬ ವಿಡಿಯೊ ಆಟದಲ್ಲಿ ಸಿಕ್ಕ ಅದೇ ಹಾಡುಗಳೇ ಚೆನ್ನಾಗಿವೆ ಎಂದು ಅಭಿಮಾನಿಗಳು ರೊಚ್ಚಿಗೆದ್ದಿದ್ದರು. 24 ಬಿಟ್ ಅಲ್ಲ, 48 ಬಿಟ್ ಕೊಟ್ಟರೂ ಚಪ್ಪಟೆಯಾದ ಹಾಡು ಚಪ್ಪಟೆಯೇ.

ಇಷ್ಟಕ್ಕೂ ಎಂಪಿ3 ಹುಟ್ಟಿದ್ದು ಹಾಡಿನ ಅಂಗಡಿಗಾಗಿ ಅಲ್ಲ, ಟೆಲಿಫೋನ್ ತಂತಿಗಾಗಿ. ಜರ್ಮನಿಯ ಎರ್ಲಾಂಗನ್‌ನಲ್ಲಿ ಡೀಟರ್ ಜೈಟ್ಸರ್ ಎಂಬ ಪ್ರಾಧ್ಯಾಪಕರಿಗೆ ಡಿಜಿಟಲ್ ಫೋನ್ ತಂತಿಯಲ್ಲಿ ಸಂಗೀತ ಕಳಿಸುವ ಆಸೆ. ಪೇಟೆಂಟ್ ಕಚೇರಿಯ ಪರೀಕ್ಷಕರು ಇದು ಆಗದ ಮಾತು ಎಂದರು. ಜೈಟ್ಸರ್ ಅದನ್ನು ತಮ್ಮ ವಿದ್ಯಾರ್ಥಿ ಕಾರ್ಲ್‌ಹೈಂಜ್ ಬ್ರಾಂಡನ್‌ಬುರ್ಗ್ ಕೈಗೆ ಕೊಟ್ಟರು. ಸಿ.ಡಿ.ಯ ಧ್ವನಿಗೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್ ಬೇಕು. ಫೋನಿನ ಎರಡು ದಾರಿ ಸೇರಿಸಿದರೂ ಸಿಗುವುದು 1 ಲಕ್ಷ 28 ಸಾವಿರ. ಹನ್ನೊಂದರಲ್ಲಿ ಹತ್ತು ಪಾಲು ಎಸೆಯಬೇಕು, ಎಸೆದದ್ದು ಯಾರಿಗೂ ಗೊತ್ತಾಗಬಾರದು.

ಸಂತೆಯಲ್ಲಿ ಪಕ್ಕದವರ ಪಿಸುಮಾತು ಕೇಳಿಸುವುದಿಲ್ಲ. ನಾದಸ್ವರದ ಬದಿಯಲ್ಲಿ ಶ್ರುತಿಯ ಸದ್ದು ಅಡಗುತ್ತದೆ. ಒಂದು ಜೋರು ಸ್ವರ ತನ್ನ ಅಕ್ಕಪಕ್ಕದ ಮೆಲುಸ್ವರಗಳನ್ನು ನುಂಗಿಬಿಡುತ್ತದೆ. ಹೇಗೂ ಕೇಳಿಸದ ಆ ಸ್ವರಗಳಿಗೆ ಬಿಟ್ ಏಕೆ ದಂಡ ಮಾಡಬೇಕು? ಬ್ರಾಂಡನ್‌ಬುರ್ಗ್ ಹಿಡಿದ ದಾರಿ ಇದು. ವಾದ್ಯವೃಂದಗಳಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಆದರೆ ಸುಝಾನ್ ವೇಗಾ ವಾದ್ಯವಿಲ್ಲದೆ ಒಂಟಿದನಿಯಲ್ಲಿ ಹಾಡಿದ ‘ಟಾಮ್ಸ್ ಡೈನರ್’ ಅನ್ನು ಕುಗ್ಗಿಸಿದಾಗ ಆಕೆಯ ಕಂಠ ಕೆಟ್ಟುಹೋಗಿ ಕೇಳಿಸಿತು. ಅಡಗಿಕೊಳ್ಳಲು ಹಿಂದೆ ಒಂದು ಡೋಲಿನ ಪೆಟ್ಟೂ ಇರಲಿಲ್ಲ ನೋಡಿ. ಆ ಹಾಡು ಸರಿಬರುವವರೆಗೆ ಬ್ರಾಂಡನ್‌ಬುರ್ಗ್ ಅದನ್ನು ಸಾವಿರ ಸಲವಾದರೂ ಕೇಳಿರಬೇಕು. 1995ರ ಜುಲೈ 14ರಂದು ಆ ತಂಡ ಫೈಲಿನ ಬಾಲಕ್ಕೆ ‘ಎಂಪಿ3’ ಎಂಬ ಹೆಸರು ಗೊತ್ತು ಮಾಡಿತು.

ಆ ಕಾಲದ 56 ಕೆ ಮೋಡೆಮ್ ತನ್ನ ಪೂರ್ತಿ ವೇಗದಲ್ಲಿ ಓಡಿದರೂ ಐದು ನಿಮಿಷದ ಹಾಡೊಂದನ್ನು ಸಿ.ಡಿ. ರೂಪದಲ್ಲಿ ಇಳಿಸಿಕೊಳ್ಳಲು ಎರಡು ಗಂಟೆ ಬೇಕಿತ್ತು. ಎಂಪಿ3ಗೆ ಹನ್ನೆರಡು ನಿಮಿಷ ಸಾಕು. ಮುಂದಿನದೆಲ್ಲ ಆ ಹನ್ನೆರಡು ನಿಮಿಷದ ಕಥೆ. 1997ರಲ್ಲಿ ಎಂಪಿ3 ನುಡಿಸುವ ವಿನ್ಆಂಪ್, 1999ರಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್, 2001ರಲ್ಲಿ ಕೋರ್ಟಿನ ಪೆಟ್ಟಿಗೆ ನ್ಯಾಪ್‌ಸ್ಟರ್ ಬಂದ್. ನಮ್ಮ ಊರುಗಳಲ್ಲಿ ಬಸ್ ಸ್ಟ್ಯಾಂಡಿನ ಪಕ್ಕ ಒಂದೇ ಸಿ.ಡಿ.ಯಲ್ಲಿ 150 ಹಾಡು. ಅದಾದ ಮೇಲೆ ರೀಚಾರ್ಜ್ ಅಂಗಡಿಯವನು ಕಂಪ್ಯೂಟರಿನ ಮುಂದೆ ಕೂತು ‘ರಾಜ್‌ಕುಮಾರ್ ಹಾಕಲಾ, ಹೊಸ ಪಿಚ್ಚರ್ದು ಹಾಕಲಾ?’ ಎಂದು ಕೇಳಿ ಮೆಮೊರಿ ಕಾರ್ಡು ತುಂಬಿಕೊಡುವ ಕಾಲ. ಕಳ್ಳತನವೇ, ಅನುಮಾನವಿಲ್ಲ. ಆದರೆ ಹಳ್ಳಿಯ ಹುಡುಗರು ಡಿಜಿಟಲ್ ಸಂಗೀತವನ್ನು ಮೊದಲು ಕೇಳಿದ್ದು ಐಟ್ಯೂನ್ಸಿನ ಅಂಗಡಿಯಲ್ಲಲ್ಲ, ಆ ರೀಚಾರ್ಜ್ ಅಂಗಡಿಯ ಸ್ಟೂಲಿನ ಮೇಲೆ.

2017ರ ಏಪ್ರಿಲ್ 23ರಂದು ಎಂಪಿ3ಯ ಪೇಟೆಂಟ್ ಪರವಾನಗಿ ಮುಗಿದಾಗ ಹಲವು ಪತ್ರಿಕೆಗಳು ‘ಎಂಪಿ3 ಸತ್ತಿತು’ ಎಂದು ಬರೆದವು. ಮೇಷ್ಟ್ರಿಗೆ ಇವತ್ತಿಗೂ ಇದರ ಮೇಲೆ ಸಿಟ್ಟು. ಸತ್ತದ್ದು ಬಾಡಿಗೆ ವಸೂಲಿ. ಎಂಪಿ3 ಅವತ್ತಿನಿಂದ ಯಾರ ಹಂಗೂ ಇಲ್ಲದೆ ಎಲ್ಲರ ಸ್ವತ್ತಾಯಿತು. ಅದರ ಕಿರಿಯ ದಾಯಾದಿ ಓಪಸ್ ಅಂತೂ 2012ರಲ್ಲಿ ಹುಟ್ಟುವಾಗಲೇ ಬಾಡಿಗೆಯಿಲ್ಲದೆ ಹುಟ್ಟಿತು. ಅತ್ತೆ ವಾಟ್ಸ್ಆ್ಯಪ್‌ನಲ್ಲಿ ಮೂರು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರೆ ಅದು ಬರುವುದು ಓಪಸ್‌ನ ಬೆನ್ನ ಮೇಲೆ.

ಗ್ಯಾಜೆಟ್‌ಪ್ರಿಯರ ಭವಿಷ್ಯವಾಣಿ ಎಷ್ಟು ಸಲ ಮುಗ್ಗರಿಸಿದೆ ಎನ್ನುವುದಕ್ಕೆ ಐಪಾಡ್‌ಗಿಂತ ಬೇರೆ ಸಾಕ್ಷಿ ಬೇಡ. 2001ರ ಅಕ್ಟೋಬರ್ 23ರಂದು ಸ್ಟೀವ್ ಜಾಬ್ಸ್ ಜೇಬಿನಿಂದ ಅದನ್ನು ತೆಗೆದಾಗ ಬಲ್ಲವರು ಮೂಗು ಮುರಿದರು. 399 ಡಾಲರ್ ಕೊಟ್ಟರೂ 5 ಜಿಬಿ ಮಾತ್ರ, ವೈರ್‌ಲೆಸ್ ಇಲ್ಲ, ಆಗಲೇ ಮಾರುಕಟ್ಟೆಯಲ್ಲಿದ್ದ ನೋಮ್ಯಾಡ್ ಪ್ಲೇಯರ್‌ನಲ್ಲಿ ಇದಕ್ಕಿಂತ ಹೆಚ್ಚು ಜಾಗವಿದೆ. ಹೇಳಿದ್ದೆಲ್ಲ ನಿಜವೇ. ಅವರು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಹೆಬ್ಬೆರಳನ್ನು. ಚಕ್ರ ತಿರುಗಿಸಿದರೆ ಸಾವಿರ ಹಾಡು ಸರಸರ ಸರಿಯುತ್ತಿತ್ತು. ಉಳಿದ ಪ್ಲೇಯರ್‌ಗಳಲ್ಲಿ ಗುಂಡಿಯನ್ನು ಸಾವಿರ ಸಲ ಒತ್ತಬೇಕಿತ್ತು. ಅದರ ಒಳಗಿನ ಮುಖ್ಯ ಚಿಪ್ಪು ಪೋರ್ಟಲ್‌ಪ್ಲೇಯರ್ ಎಂಬ ಚಿಕ್ಕ ಕಂಪನಿಯದು. ಆ ಕಂಪನಿಯ ಒಂದು ಕಚೇರಿ ಹೈದರಾಬಾದಿನಲ್ಲಿತ್ತು.

ಐಪಾಡ್‌ಗೆ ಎದುರಾಳಿಯಾಗಿ ಮೈಕ್ರೊಸಾಫ್ಟ್ 2006ರಲ್ಲಿ ಝೂನ್ ತಂದಿತು. ಅದರ ಪಾಡು ಮೇಷ್ಟ್ರು ಹುಡುಗರಿಗೆ ಪ್ರತಿ ವರ್ಷ ಹೇಳುತ್ತಿದ್ದ ಪಾಠ. 2008ರ ಡಿಸೆಂಬರ್ 31ರಂದು ಜಗತ್ತಿನಲ್ಲಿದ್ದ 30 ಜಿಬಿ ಝೂನ್‌ಗಳು ಸಾಮೂಹಿಕವಾಗಿ ಸ್ತಬ್ಧವಾದವು. ಅದು ಅಧಿಕ ವರ್ಷ, ಅಂದಿನದು 366ನೇ ದಿನ. ದಿನದ ಎಣಿಕೆ 365ಕ್ಕಿಂತ ಹೆಚ್ಚಿದ್ದರೆ ವರ್ಷ ಮುಂದೂಡು ಎಂದು ಗಡಿಯಾರದ ಸಾಲುಗಳಲ್ಲಿ ಬರೆದಿತ್ತು. ಅಧಿಕ ವರ್ಷವಾದರೆ 366 ದಾಟಿದ್ದರೆ ಮಾತ್ರ ಎಂದೂ ಬರೆದಿತ್ತು. ಸರಿಯಾಗಿ 366 ಆಗಿದ್ದರೆ ಏನು ಮಾಡಬೇಕೆಂದು ಮಾತ್ರ ಬರೆದಿರಲಿಲ್ಲ. ಯಂತ್ರ ಅಲ್ಲಲ್ಲೇ ಸುತ್ತುತ್ತ ಕೂತಿತು. ಬ್ಯಾಟರಿ ಮುಗಿಯಲಿ, ನಾಳೆ ಮಧ್ಯಾಹ್ನದ ಮೇಲೆ ಚಾಲೂ ಮಾಡಿ ಎಂಬುದು ಕಂಪನಿ ಕೊಟ್ಟ ಮದ್ದು.

ಶಫಲ್ ಎಂಬ ಗುಂಡಿಯದು ಇನ್ನೊಂದು ಬಗೆ. ಹಾಡುಗಳನ್ನು ನಿಜವಾಗಿ ಚೀಟಿ ಎತ್ತಿದಂತೆ ಕಲಸಿದರೆ ಒಬ್ಬರದೇ ಎರಡು ಹಾಡು ಬೆನ್ನುಬೆನ್ನಿಗೆ ಬರುವುದು ಸಹಜ. ಕೇಳುಗರು ಮಾತ್ರ ಇದರಲ್ಲೇನೋ ಮೋಸವಿದೆ ಎಂದು ದೂರಿದರು. 2005ರಲ್ಲಿ ಆ್ಯಪಲ್ ಒಂದೇ ಗಾಯಕರ ಹಾಡುಗಳನ್ನು ದೂರದೂರ ಇಡುವ ಆಯ್ಕೆ ಕೊಟ್ಟಿತು. ಕಲಸಿದ್ದು ಎನಿಸಲು ಕಲಸುವುದನ್ನು ಕಡಿಮೆ ಮಾಡಬೇಕಾಯಿತು. ಶಾಸ್ತ್ರೀಯ ಸಂಗೀತ ಕೇಳುವವರಿಗೆ ಈ ಗುಂಡಿ ಶತ್ರು. ಆಲಾಪ ಒಂದು ಟ್ರ್ಯಾಕ್, ಬಂದಿಶ್ ಇನ್ನೊಂದು ಟ್ರ್ಯಾಕ್ ಎಂದು ಕತ್ತರಿಸಿದ ಸಿ.ಡಿ.ಯನ್ನು ಶಫಲ್‌ನಲ್ಲಿ ಹಾಕಿ ನೋಡಿ, ಊಟಕ್ಕೆ ಮೊದಲು ಮಜ್ಜಿಗೆ ಅನ್ನ ಬಡಿಸಿದಂತಿರುತ್ತದೆ.

ಮೇಷ್ಟ್ರ ದೊಡ್ಡ ತಕರಾರು ಇರುವುದು ಧ್ವನಿಯಲ್ಲೂ ಅಲ್ಲ, ಯಂತ್ರದಲ್ಲೂ ಅಲ್ಲ, ಹಾಡಿನ ಹೆಸರಿನ ಚೀಟಿಯಲ್ಲಿ. ಹೊರಗಿನವರಿಗೆ ಇದು ಗುಮಾಸ್ತರ ಚಿಂತೆ ಎನಿಸಬಹುದು. ಆದರೆ ಅವರ ಅಭಿಪ್ರಾಯಗಳಲ್ಲೆಲ್ಲ ತೂಕವಿರುವುದು ಇದಕ್ಕೇ.

ಭಾರತದಲ್ಲಿ ಈ ಚೀಟಿಯ ಇತಿಹಾಸ 1902ರಷ್ಟು ಹಳೆಯದು. ಆ ವರ್ಷದ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ಯಂತ್ರ ಹೂಡಿ ಗಾಯಕಿ ಗೌಹರ್ ಜಾನ್ ಅವರ ಹಾಡು ಹಿಡಿದರು. ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ರೆಕಾರ್ಡುಗಳಾಗಬೇಕಿತ್ತು. ಅಲ್ಲಿಯ ಕೆಲಸಗಾರರಿಗೆ ಹಿಂದೂಸ್ತಾನಿ ಗೊತ್ತಿಲ್ಲ, ಯಾರ ಹಾಡಿಗೆ ಯಾರ ಹೆಸರು ಅಂಟಿಸಬೇಕು? ಅದಕ್ಕೇ ಗೌಹರ್ ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಜೋರಾಗಿ ಹೇಳುತ್ತಿದ್ದರು. ಆ ರೆಕಾರ್ಡುಗಳಲ್ಲಿ ಈಗಲೂ ಕೇಳಬಹುದು, ಹಾಡಿನ ಗುಂಗು ಆರುವ ಮೊದಲೇ ಗತ್ತಿನ ಒಂದು ವಾಕ್ಯ. ಇಂದಿನ ಮಾತಿನಲ್ಲಿ ಹೇಳಬೇಕೆಂದರೆ ಅದು ಮೆಟಾಡೇಟಾ. ಆಕೆ ಕೊನೆಗೆ ಬಂದು ನೆಲೆಸಿದ್ದು ಮೈಸೂರಿನಲ್ಲೇ. 1928ರಲ್ಲಿ ಅರಮನೆಯ ಆಸ್ಥಾನಕ್ಕೆ ಬಂದ ಗೌಹರ್ ಜಾನ್ 1930ರ ಜನವರಿಯಲ್ಲಿ ಈ ಊರಲ್ಲಿಯೇ ತೀರಿಕೊಂಡರು.

94 ವರ್ಷಗಳ ನಂತರ ಎಂಪಿ3ಗೂ ಅದೇ ಕಷ್ಟ ಬಂತು. ಫೈಲಿನೊಳಗೆ ಹಾಡು ಇದೆ, ಹೆಸರಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬವರು ಫೈಲಿನ ಬಾಲಕ್ಕೆ 128 ಬೈಟಿನ ಚೀಟಿ ಅಂಟಿಸುವ ಉಪಾಯ ಹೂಡಿದರು. ಹಾಡಿಗೆ 30 ಬೈಟ್, ಕಲಾವಿದರಿಗೆ 30, ಆಲ್ಬಂಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ 1. ಪ್ರಕಾರಗಳ ಮೂಲ ಪಟ್ಟಿಯಲ್ಲಿ 80 ಹೆಸರು. ಮಧ್ಯ ಯುರೋಪಿನ ಪೋಲ್ಕಾ ಕುಣಿತಕ್ಕೂ ಅದರಲ್ಲಿ ಜಾಗವಿದೆ. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡೂ ಇಲ್ಲ. ಭಾವಗೀತೆಯ ಮಾತು ದೂರವೇ ಉಳಿಯಿತು.

ಆ ಚೀಟಿ ರೋಮನ್ ಲಿಪಿಯನ್ನು ನೆನೆದು ಮಾಡಿದ್ದು. ಅದರಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಗುಣಿತ, ಒತ್ತಿನ ಗುರುತುಗಳಿಗೂ ಬೇರೆ ಬೇರೆ ಲೆಕ್ಕ. ಮೇಷ್ಟ್ರು ಒಂದು ಮಧ್ಯಾಹ್ನ ಕಾಗದದ ಮೇಲೆ ಎಣಿಸಿ ತೋರಿಸಿದರು. ‘ನಿತ್ಯೋತ್ಸವ’ ಎಂಬ ಶಬ್ದದಲ್ಲಿ ಸರಿಯಾಗಿ 10 ಸಂಕೇತ, 30 ಬೈಟ್, ಚೀಟಿಗೆ ಅಳೆದು ಹೊಲಿದಂತೆ. ‘ಮೈಸೂರು ಮಲ್ಲಿಗೆ’ಗೆ 40 ಬೈಟ್ ಬೇಕು. ತುರುಕಿದರೆ ‘ಮೈಸೂರು ಮಲ್’ ಎಂಬಲ್ಲಿಗೆ ಕತ್ತು ಕುಯ್ದಂತೆ ನಿಲ್ಲುತ್ತದೆ. ಮುಂದಿನ ಆವೃತ್ತಿಗಳಲ್ಲಿ ಈ ಇಕ್ಕಟ್ಟು ಹೋಯಿತು, ಕನ್ನಡಕ್ಕೂ ದಾರಿಯಾಯಿತು. ಆದರೆ ಅಷ್ಟರಲ್ಲಿ ಹಾಡುಗಳ ಹೆಸರನ್ನು ಇಂಗ್ಲಿಷಿನಲ್ಲೇ ಬರೆಯುವ ರೂಢಿ ಬೇರೂರಿತ್ತು. ಇವತ್ತಿಗೂ ಒಂದು ಹಾಡು ಹುಡುಕಬೇಕಾದರೆ ಅದರ ದೀರ್ಘಕ್ಕೆ ಒಂದು ‘ಎ’ ಹಾಕಿದ್ದಾರೋ ಎರಡು ‘ಎ’ ಹಾಕಿದ್ದಾರೋ ಎಂದು ಊಹಿಸಬೇಕು.

ಲಿಪಿಗಿಂತ ಹೆಚ್ಚಾಗಿ ಕಾಡುವುದು ‘ಆರ್ಟಿಸ್ಟ್’ ಎಂಬ ಒಂದೇ ಖಾನೆ. ಪಾಶ್ಚಾತ್ಯ ಪಾಪ್‌ಗೆ ಅದು ಸಾಕು. ಅಲ್ಲಿ ಬರೆದವರು, ಹಾಡಿದವರು ಹೆಚ್ಚಾಗಿ ಒಬ್ಬರೇ. ಕನ್ನಡದ ಕೇಳುಗರು ಭಾವಗೀತೆಯನ್ನು ಗುರುತಿಸುವುದು ಹಾಗಲ್ಲ. ಇದು ಬೇಂದ್ರೆಯವರ ಹಾಡು, ಇದು ಕೆ.ಎಸ್.ನ. ಅವರದು, ಇದು ಅಡಿಗರದು ಎನ್ನುತ್ತೇವೆ. ಆಮೇಲೆ, ಅಶ್ವತ್ಥ್ ರಾಗ ಹಾಕಿದ್ದು ಎನ್ನುತ್ತೇವೆ. ಹಾಡಿದವರ ಸರದಿ ಮೂರನೆಯದು. ಸ್ಟ್ರೀಮಿಂಗ್ ಆ್ಯಪ್‌ನ ಪರದೆಯ ಮೇಲೆ ಕಾಣುವುದು ಈ ಮೂರನೆಯವರು, ಹೆಚ್ಚೆಂದರೆ ಎರಡನೆಯವರು. ಕವಿ ಬೇಕಾದರೆ ಮೂರು ಚುಕ್ಕಿ ಒತ್ತಿ, ಕ್ರೆಡಿಟ್ಸ್ ಒತ್ತಿ, ಅದೃಷ್ಟವಿದ್ದರೆ ಸಿಗುತ್ತಾರೆ. ಕ್ಯಾಸೆಟ್ಟಿನ ಒಳಚೀಟಿಯಲ್ಲಿ ಮೊದಲ ಸಾಲಿನಲ್ಲಿದ್ದವರು ಹೀಗೆ ಮೂರು ಕೋಣೆ ಒಳಗೆ ಹೋಗಿ ಕೂತಿದ್ದಾರೆ. ಕಂಪನಿಗಳಿಗೆ ಇದು ತಂತ್ರಜ್ಞಾನದ ಕಷ್ಟವೇ ಅಲ್ಲ, ಪರದೆಯ ಮೇಲೆ ಇನ್ನೊಂದು ಸಾಲು ಸೇರಿಸಿದರೆ ಮುಗಿಯಿತು. ಸೇರಿಸಿಲ್ಲ.

ಇನ್ನು ಆ ಹಾಡು ನಿಮ್ಮದೇ? ತಿಂಗಳ ಚಂದಾ ಕಟ್ಟಿ ಕೇಳುವ ಹಾಡು ಬಾಡಿಗೆ ಮನೆ ಇದ್ದಂತೆ. ಗೂಗಲ್ ಪ್ಲೇ ಮ್ಯೂಸಿಕ್ 2020ರ ಕೊನೆಗೆ ಮುಚ್ಚಿತು. ರೆಸ್ಸೊ 2024ರ ಜನವರಿ 31ಕ್ಕೆ ಭಾರತ ಬಿಟ್ಟಿತು. ಅದೇ ವರ್ಷ ಏರ್‌ಟೆಲ್‌ನ ವಿಂಕ್ ಬಾಗಿಲು ಹಾಕಿತು. ವರ್ಷಗಟ್ಟಲೆ ಕೂಡಿಸಿದ ಪ್ಲೇಲಿಸ್ಟುಗಳು ಅವುಗಳೊಡನೆ ಕದಲಬೇಕಾಯಿತು. ತಾವೇ ಹಾಡಿ ಏರಿಸಿದ ಹಾಡುಗಳಿಗೂ ಭದ್ರತೆ ಇಲ್ಲ. 2016ಕ್ಕೆ ಮೊದಲು ಬಳಕೆದಾರರು ಏರಿಸಿದ್ದ ಹಾಡುಗಳು ಸರ್ವರ್ ಸ್ಥಳಾಂತರದಲ್ಲಿ ಅಳಿಸಿಹೋದವೆಂದು ಮೈಸ್ಪೇಸ್ ಜಾಲತಾಣ 2019ರಲ್ಲಿ ಒಪ್ಪಿಕೊಂಡಿತು. ಹೋದದ್ದು 5 ಕೋಟಿಗೂ ಹೆಚ್ಚು ಹಾಡು. ಮೇಷ್ಟ್ರ ಮನೆಯ ಕಪಾಟಿನಲ್ಲಿ ಎರಡು ಹಾರ್ಡ್‌ಡಿಸ್ಕ್‌ಗಳಿವೆ, ಎರಡರಲ್ಲೂ ಒಂದೇ ಸರಕು. ಮೂರನೆಯದು ತಂಗಿಯ ಮನೆಯಲ್ಲಿ, ಶಿವಮೊಗ್ಗದಲ್ಲಿ. ಇದನ್ನು ನೋಡಿ ನಗುತ್ತಿದ್ದ ಗೆಳೆಯರು ವಿಂಕ್ ಮುಚ್ಚಿದ ವಾರ ನಗುವುದನ್ನು ನಿಲ್ಲಿಸಿದರು.

ಬ್ಲೂಟೂತ್ ಬಗ್ಗೆ ಅವರ ಮಾತು ಚುಟುಕು. ನಷ್ಟವಿಲ್ಲದ ಸಂಗೀತಕ್ಕೆಂದು ದುಡ್ಡು ಕಟ್ಟಿ ಅದನ್ನು ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುವುದು ಗಟ್ಟಿ ಹಾಲು ತಂದು ನೀರು ಬೆರೆಸಿ ಕುಡಿದಂತೆ. ಸೋನಿಯ ಎಲ್‌ಡ್ಯಾಕ್ ಎಂಬ ಬ್ಲೂಟೂತ್ ಪದ್ಧತಿ ತನ್ನ ಉತ್ತಮ ಸ್ಥಿತಿಯಲ್ಲಿ ಸೆಕೆಂಡಿಗೆ 990 ಕಿಲೋಬಿಟ್ ಸಾಗಿಸುತ್ತದೆ, ಸಿ.ಡಿ.ಗೆ ಬೇಕಾದದ್ದು 1,411. ಆದರೂ ಬಸ್ಸಿನಲ್ಲಿ ಅವರ ಕಿವಿಯಲ್ಲಿರುವುದು ಬ್ಲೂಟೂತೇ. ಎಬಿಎಕ್ಸ್‌ನಲ್ಲಿ 9 ಅಂಕ ಪಡೆದವರಿಗೆ ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಈಗ ತಾಯಿಯ ಡಬ್ಬದ ಮಾತು. 2017ರಲ್ಲಿ ಸಾರೆಗಾಮ ಕಂಪನಿ ಕಾರವಾನ್ ಎಂಬ, ಹಳೇ ಟ್ರಾನ್ಸಿಸ್ಟರ್ ರೇಡಿಯೊದ ಹಾಗೆ ಕಾಣುವ ಪೆಟ್ಟಿಗೆ ತಂದಿತು. ಒಳಗೆ ಮೊದಲೇ ತುಂಬಿಟ್ಟ 5,000 ಹಿಂದಿ ಹಾಡು, ಮುಂದೆ ತಿರುಗಿಸುವ ಗುಂಡಿ. ಟಚ್ ಸ್ಕ್ರೀನ್ ಇಲ್ಲ, ಇಂಟರ್‌ನೆಟ್ ಬೇಡ. ಆನಂತರ ಬೇರೆ ಭಾಷೆಗಳಲ್ಲೂ ಬಂತು. ಸ್ಟ್ರೀಮಿಂಗ್ ಯುಗದಲ್ಲಿ ಇದನ್ನು ಯಾರು ಕೊಳ್ಳುತ್ತಾರೆ ಎಂದು ಗ್ಯಾಜೆಟ್ ಪಂಡಿತರು ನಕ್ಕರು, ಮೇಷ್ಟ್ರೂ ನಕ್ಕರು. ಕೊಂಡದ್ದು ಮಕ್ಕಳು, ತಂದೆತಾಯಂದಿರಿಗಾಗಿ. ಮೇಷ್ಟ್ರ ತಂಗಿ ಶಿವಮೊಗ್ಗದಿಂದ ಬರುವಾಗ ಒಂದನ್ನು ಹಿಡಿದು ತಂದರು. ಎಂಬತ್ತನಾಲ್ಕರ ಅಜ್ಜಿ ಮೊದಲ ದಿನವೇ ಅದರ ಗುಂಡಿ ಕಲಿತರು. ಮಗ ಕೊಟ್ಟ ಟ್ಯಾಬ್ಲೆಟ್ಟಿನಲ್ಲಿ ಪಾಸ್‌ವರ್ಡ್ ಒತ್ತುವುದನ್ನು ಎರಡು ವರ್ಷದಲ್ಲೂ ಕಲಿತಿರಲಿಲ್ಲ. ‘ನಿನ್ನ ಡಬ್ಬಗಳಿಗಿಂತ ನನ್ನ ಡಬ್ಬಾನೇ ವಾಸಿ ಕಣೋ, ಏನು ಕೇಳಿದ್ರೂ ಅಪ್‌ಡೇಟು ಅನ್ನಲ್ಲ’ ಎನ್ನುವುದು ಅವರ ವಿಮರ್ಶೆ. ಅಂದಹಾಗೆ ಸಾರೆಗಾಮ ಎಂದರೆ ಹಳೆಯ ಎಚ್‌ಎಂವಿ. ಗೌಹರ್ ಜಾನ್ ಹಾಡು ಹಿಡಿದ ಗ್ರಾಮಫೋನ್ ಕಂಪನಿಯ ಭಾರತದ ವಾರಸುದಾರ.

ಹಿಡಿದ ಕೈಗೆ ಒಗ್ಗುವ ಇಂಥ ಯಂತ್ರಕ್ಕೆ ಬೆಂಗಳೂರಿನಲ್ಲೇ ಒಂದು ಹಿರಿಯ ಉದಾಹರಣೆಯಿದೆ. ಸೋನಿ ಮೊದಲ ವಾಕ್‌ಮನ್ ತಂದ 1979ರಲ್ಲೇ, ಕೊಳಲು ನುಡಿಸುತ್ತಿದ್ದ ಎಂಜಿನಿಯರ್ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು. ಅವರ ರಾಡೆಲ್ ಕಂಪನಿಯ ಪೆಟ್ಟಿಗೆಗಳು ಸಂಗೀತ ಪಾಠದ ಮನೆಗಳನ್ನೆಲ್ಲ ಹೊಕ್ಕವು. ವಾಕ್‌ಮನ್ ಡ್ರಾಯರ್ ಸೇರಿತು. ಶ್ರುತಿಪೆಟ್ಟಿಗೆ ಈಗಲೂ ವೇದಿಕೆಯ ಮೇಲಿದೆ.

ಮೇಷ್ಟ್ರು ಈಗ ಹಿಡಿದಿರುವ ಕೆಲಸ ತಾಯಿಯ ಕ್ಯಾಸೆಟ್ ಪೆಟ್ಟಿಗೆಯದು. ಅದರಲ್ಲಿ 1978ರ ‘ನಿತ್ಯೋತ್ಸವ’ವೂ ಇದೆ. ನಿಸಾರ್ ಅಹಮದ್ ಕವಿತೆ, ಮೈಸೂರು ಅನಂತಸ್ವಾಮಿ ರಾಗ ಸಂಯೋಜನೆ. ಬೆಲ್ಟು ಬದಲಾಯಿಸಿ ಹೆಡ್ಡು ಒರೆಸಿದ ಹಳೇ ಡೆಕ್ಕಿನಿಂದ ಒಂದು ವೈರು ಕಂಪ್ಯೂಟರಿಗೆ. ಅಲ್ಲಿ ಆಡಾಸಿಟಿ ಎಂಬ ಪುಕ್ಕಟೆ ತಂತ್ರಾಂಶ. ಕ್ಯಾಸೆಟ್ಟು ಓಡಿದಷ್ಟೇ ಹೊತ್ತು ಕಾಯಬೇಕು, ಇದರಲ್ಲಿ ಅವಸರವಿಲ್ಲ. ಟೇಪಿನ ಮೇಲಿನ ಪುಡಿ ಉದುರುತ್ತಿದೆ, ಕೆಲವು ಕ್ಯಾಸೆಟ್ಟುಗಳು ಮುಗ್ಗು ಹಿಡಿದಿವೆ. ಎರಡನೇ ಸಲ ಓಡಿಸುತ್ತೇನೆಂಬ ಧೈರ್ಯ ಎಲ್ಲದರಲ್ಲೂ ಇಲ್ಲ. ಫ್ಲ್ಯಾಕ್ ಮಾಡಿ, ಚೀಟಿಯ ಖಾನೆಗಳನ್ನು ಕನ್ನಡದಲ್ಲಿ ತುಂಬಿ, ‘ಆರ್ಟಿಸ್ಟ್’ ಎಂದಿರುವಲ್ಲಿ ಅವರು ಮೊದಲು ಬರೆಯುವುದು ಕವಿಯ ಹೆಸರು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಪೆಟ್ಟಿಗೆ ಇರಬಹುದು. ಹಾಡಿನ ಕಂಪನಿಗಳ ಕ್ಯಾಸೆಟ್ಟು ಬೇರೆಲ್ಲಾದರೂ ಸಿಕ್ಕೀತು. ಅಜ್ಜಿ ಹಾಡಿದ ಸಂಪ್ರದಾಯದ ಹಾಡು, ಊರಿನ ಯಕ್ಷಗಾನದ ರಾತ್ರಿ, ಮದುವೆ ಮನೆಯ ಬೀಗರ ಹಾಡು ತುಂಬಿಕೊಂಡ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿ ಇಲ್ಲ. ಈ ಭಾನುವಾರ ಅದನ್ನು ಕೆಳಗಿಳಿಸಿ. ಓಡಿಸುವ ಮೊದಲು ಒಳಚೀಟಿಯ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಬರೆದವರು ಯಾರು, ಹಾಡಿದವರು ಯಾರು ಎನ್ನುವುದು ಬಹಳ ಸಲ ಅಲ್ಲಿ ಮಾತ್ರ ಇರುತ್ತದೆ, ಅದೂ ಪೆನ್ಸಿಲಿನಲ್ಲಿ.